ವ್ಯಾಪಾರವಾದರೆ ಲಾಭವಾಯಿತೇ?

ಗಲ್ಲಾಪೆಟ್ಟಿಗೆ ತುಂಬಿದರೆ ಲಾಭ ಬಂತು ಎನ್ನುವುದು ರೂಢಿ. ಆದರೆ ಲೆಕ್ಕಶಾಸ್ತ್ರ ಹಾಗೆನ್ನುವುದಿಲ್ಲ. ಓದು ಮುಗಿದ ಮೇಲೆ ಖಾನಾವಳಿ ಇಲ್ಲವೇ ಬಟ್ಟೆ ಅಂಗಡಿ ಇಡಬೇಕೆಂದಿರುವ ಗೆಳೆಯರು ಈ ಲೆಕ್ಕವನ್ನು ಮೊದಲೇ ತಿಳಿದಿರಬೇಕು.

ಒಂದು ಪ್ಲೇಟ್ ಪಲಾವಿನ ಬೆಲೆ 40 ರೂ., ಸಾಮಗ್ರಿಯ ಖರ್ಚು 22 ರೂ. ಎಂದುಕೊಳ್ಳೋಣ. ಉಳಿಯುವುದು 18 ರೂ. ಬಾಡಿಗೆ, ಸಂಬಳ ಮುಂತಾದ ಸ್ಥಿರ ವೆಚ್ಚ ತಿಂಗಳಿಗೆ 27,000 ರೂ. ಇದ್ದರೆ, 1,500 ಪ್ಲೇಟ್, ಅಂದರೆ ದಿನಕ್ಕೆ 50 ಪ್ಲೇಟ್ ಮಾರಿದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇದೇ ಬ್ರೇಕ್-ಈವನ್ ಬಿಂದು. ಮನೆಯವರೇ ದುಡಿದರೂ ಅವರ ಸಂಬಳವನ್ನು ವೆಚ್ಚದಲ್ಲಿ ಬರೆಯಬೇಕು. ಇಲ್ಲವಾದರೆ ಕೂಲಿಯನ್ನೇ ಲಾಭವೆಂದು ತಿಳಿಯುತ್ತೇವೆ.

ನಮ್ಮ ಆಲಮಟ್ಟಿಯಲ್ಲಿ ಜಲಾಶಯ ತುಂಬಿ ಗೇಟು ತೆರೆದಾಗ, ರಜಾದಿನಗಳಲ್ಲಿ ಪ್ರವಾಸಿಗರ ಸಂದಣಿ ಇರುತ್ತದೆ. ಉಳಿದ ದಿನ ಗಿರಾಕಿ ಕಡಿಮೆ. ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕೊಡಬೇಕು. ರಾತ್ರಿ ಉಳಿದ ಪಲಾವಿಗೆ ಮರುದಿನ ಬೆಲೆಯಿಲ್ಲ.

ಬಟ್ಟೆ ಹಳಸುವುದಿಲ್ಲ, ಆದರೆ ಫ್ಯಾಷನ್ ಹಳತಾಗುತ್ತದೆ. 300 ರೂ.ನಂತೆ 100 ಕುರ್ತಾ ತಂದು 450 ರೂ.ಗೆ ಒಂದರಂತೆ 60 ಮಾರಿದರೆ ಕೈಗೆ ಬರುವುದು 27,000 ರೂ. ಹಾಕಿದ ಬಂಡವಾಳ 30,000 ರೂ. ಲಾಭವೆಲ್ಲ ಮಾರಾಟವಾಗದ 40 ಕುರ್ತಾಗಳಲ್ಲೇ ಸಿಕ್ಕಿಕೊಂಡಿದೆ. ಉದ್ರಿ ಕೊಟ್ಟಿದ್ದರೆ ಕೈಯಲ್ಲಿರುವ ಹಣ ಇನ್ನೂ ಕಡಿಮೆ. ರಂಜಾನ್ ಹಬ್ಬ ಪ್ರತಿವರ್ಷ ಸುಮಾರು 11 ದಿನ ಮೊದಲೇ ಬರುತ್ತದೆ. ಹೋದ ವರ್ಷದ ತಾರೀಖು ನೋಡಿ ಮಾಲು ತರಿಸಿದವರಿಗೆ ಹಬ್ಬದ ವ್ಯಾಪಾರ ತಪ್ಪುತ್ತದೆ.

ಹಾಗಾದರೆ ದಾರಿ ಏನು? ಬೆಂಗಳೂರಿನ ಎಂ.ಟಿ.ಆರ್. ಹೋಟೆಲು 1924ರಲ್ಲಿ ಆರಂಭವಾಯಿತು. 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಯನ್ನು ಕಡಿಮೆ ಬೆಲೆಗೆ ಮಾರಬೇಕೆಂಬ ನಿಯಮ ಬಂತು. ಆ ಬೆಲೆಯಲ್ಲಿ ಗುಣಮಟ್ಟ ಉಳಿಸಿಕೊಳ್ಳುವುದು ಕಷ್ಟವಾದಾಗ, ಸಂಸ್ಥೆಯು ದಿಢೀರ್ ತಿಂಡಿಗಳ ಮಿಶ್ರಣ, ಪುಡಿಗಳ ವ್ಯಾಪಾರಕ್ಕೆ ಇಳಿಯಿತು. ಪೊಟ್ಟಣದ ಮಿಶ್ರಣ ಸಂಜೆಗೆ ಕೆಡುವುದಿಲ್ಲ, ಗಿರಾಕಿ ಹೋಟೆಲಿಗೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಬಟ್ಟೆಯಲ್ಲಿ ನೆರೆಯ ಇಳಕಲ್ ಸೀರೆಯನ್ನು ನೋಡಿ. ಅದರ ಅಂಚು, ಸೆರಗು ವರ್ಷಕ್ಕೊಮ್ಮೆ ಹಳತಾಗುವಂಥವಲ್ಲ. ಅಲ್ಲಿಯ ಸವಾಲು ಬೇರೆ: ಕೈಮಗ್ಗದ ದುಡಿಮೆಗೆ ತಕ್ಕ ಬೆಲೆ ಸಿಗಬೇಕು, ಎದುರಿಗೆ ಪವರ್‌ಲೂಮಿನ ಅಗ್ಗದ ಸೀರೆ.

ಗೆಳೆಯರೇ, ಪರಿಚಯದ ಅಂಗಡಿಯೊಂದಕ್ಕೆ ಹೋಗಿ ಮೂರು ಪ್ರಶ್ನೆ ಕೇಳಿ ಬನ್ನಿ: ತಿಂಗಳ ಸ್ಥಿರ ವೆಚ್ಚವೆಷ್ಟು? ದಿನಕ್ಕೆ ಎಷ್ಟು ಮಾರಿದರೆ ಸರಿಸಮ? ಉಳಿದ ಮಾಲು, ಬಾಕಿ ಉದ್ರಿ ಎಷ್ಟು? ಈ ಉತ್ತರಗಳಿಲ್ಲದೆ ಮನೆಯವರ ಉಳಿತಾಯವನ್ನು ಅಂಗಡಿಗೆ ಹಾಕಬೇಡಿ.