ಮೊಸರಿನ ಬಟ್ಟಲಲ್ಲಿ ಬಣ್ಣದ ಪಾಠ



ಮೂರರಿಂದ ಆರು ವರ್ಷದ ಮಕ್ಕಳು ಬಣ್ಣಗಳ ಹೆಸರನ್ನು ಬೇಗ ಕಲಿಯುತ್ತಾರೆ. ಎರಡು ಬಣ್ಣ ಸೇರಿದರೆ ಮೂರನೆಯದು ಹುಟ್ಟುತ್ತದೆ ಎಂಬುದು ಮಾತ್ರ ಬಾಯಲ್ಲಿ ಹೇಳಿದರೆ ತಿಳಿಯದು. ಮಗು ತಾನೇ ಕಲಸಿ ನೋಡಬೇಕು. ಅದಕ್ಕೆ ಮನೆಯ ಗಟ್ಟಿ ಮೊಸರು ಸಾಕು.

ಬೇಕಾಗುವ ಸಾಮಗ್ರಿ: ಹುಳಿ ಬರದ ಹೊಸ ಮೊಸರು ಮೂರು ಬಟ್ಟಲು, ಚಿಟಿಕೆ ಅರಿಶಿನ, ಸಂತೆಯಿಂದ ತಂದ ಒಂದು ಬೀಟ್‌ರೂಟ್, ಬೇಲಿಯ ನೀಲಿ ಶಂಖಪುಷ್ಪ ಏಳೆಂಟು.

ಮಾಡುವ ವಿಧಾನ: ಅರಿಶಿನವನ್ನು ಒಂದು ಚಮಚ ಬಿಸಿ ಹಾಲಿನಲ್ಲಿ ಕದಡಿ. ಬೀಟ್‌ರೂಟ್ ತೊಳೆದು, ಸಿಪ್ಪೆ ತೆಗೆದು, ತುರಿದು ಹಿಂಡಿ. ಶಂಖಪುಷ್ಪದ ಎಸಳನ್ನು ಮಾತ್ರ ತೊಳೆದು ಸ್ವಲ್ಪ ನೀರಿನಲ್ಲಿ ಕುದಿಸಿ ಆರಿಸಿ, ಬೀಜ ಸೇರಬಾರದು. ಒಂದೊಂದನ್ನು ಒಂದೊಂದು ಬಟ್ಟಲಿಗೆ ಬೆರೆಸಿದರೆ ಹಳದಿ, ಗುಲಾಬಿ, ನೀಲಿ ಸಿದ್ಧ.

ಈಗ ತಟ್ಟೆಯಲ್ಲಿ ಎರಡೆರಡು ಬಣ್ಣ ಅಕ್ಕಪಕ್ಕ ಇಡಿ. ಕಲಸುವ ಮೊದಲು "ಏನಾಗುತ್ತೆ ಹೇಳು?" ಎಂದು ಕೇಳಿ. ಹಳದಿಗೆ ಗುಲಾಬಿ ಸೇರಿದರೆ ಕಿತ್ತಳೆ, ಗುಲಾಬಿಗೆ ನೀಲಿ ಸೇರಿದರೆ ನೇರಳೆ, ಹಳದಿಗೆ ನೀಲಿ ಸೇರಿದರೆ ಹಸಿರು. ಅರಿಶಿನದ ಬಣ್ಣ ಜೋರು. ಆದ್ದರಿಂದ ಹಸಿರಿಗೆ ನೀಲಿ ಎರಡು ಚಮಚ, ಹಳದಿ ಒಂದು ಚಮಚ ಹಾಕಿ.

ದೊಡ್ಡ ಮಕ್ಕಳಿಗೆ ಇನ್ನೊಂದು: ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಆರತಿ ನೀರು ಕೆಂಪಾಗುತ್ತದಲ್ಲವೇ? ಅದು ಎರಡು ಬಣ್ಣದ ಬೆರಕೆಯಲ್ಲ. ಸುಣ್ಣದ ಕ್ಷಾರಕ್ಕೆ ಅರಿಶಿನವೇ ಬದಲಾಗುತ್ತದೆ. ಇದನ್ನು ನೀವೇ ಮಾಡಿ ತೋರಿಸಿ; ಮಕ್ಕಳ ಕೈಗೆ ಸುಣ್ಣ ಕೊಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ. ಈ ನೀರು ಕುಡಿಯಲು ಅಲ್ಲ.

ಈ ಪಾಠದಿಂದ ಇನ್ನೊಂದು ಲಾಭವಿದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಯಲ್ಲಿ ಸಿಕ್ಕಿದ ರೊಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಹಲಸೂರು ತೇರಿಗೆ ಹೋದಾಗ ಮಗು ಕಣ್ಣು ಕುಕ್ಕುವ ಗುಲಾಬಿ ತಿಂಡಿ ಕೇಳಿದರೆ, "ನಮ್ಮ ಬೀಟ್‌ರೂಟ್ ಮೊಸರು ಇಷ್ಟು ಗಾಢವಾಗಿತ್ತಾ?" ಎಂದು ಕೇಳಿ. ಅದೇ ಯೋಚಿಸಲು ಕಲಿಯುತ್ತದೆ.

ಗಮನಿಸಿ: ಬೀಟ್‌ರೂಟ್ ತಿಂದ ಮರುದಿನ ಮೂತ್ರ ಕೆಂಪಾಗಿ ಕಂಡರೆ ಗಾಬರಿ ಬೇಡ. ಬಣ್ಣ ಕಲಸಿದ ಪಾತ್ರೆ, ಚಮಚ ಹಾಲಿನ ಕ್ಯಾನಿನ ಹತ್ತಿರ ಸುಳಿಯದಿರಲಿ.

ಉಳಿದ ಮೊಸರಿಗೆ ಅನ್ನ, ಉಪ್ಪು ಕಲಸಿ ಮಗುವಿಗೇ ಉಣ್ಣಿಸಿ. ಬೆಳಗಿನ ಹಾಲನ್ನೆಲ್ಲ ಡೇರಿಗೆ ಅಳೆಯುವ ಮೊದಲು ಮನೆಯ ಮಕ್ಕಳ ಮೊಸರಿಗಾಗುವಷ್ಟು ದಿನವೂ ಎತ್ತಿಡಿ.