ಜೂನ್ ಬಂದರೆ ಪುಸ್ತಕ ಬೇಡ ಅನ್ನುವ ಮಕ್ಕಳು

ಮೂಡಲಗಿಯ ತಾಯಿಗೆ,

ಮನೆಯಲ್ಲೇ ಕಲಿಯುವ ನಿಮ್ಮ ಮಕ್ಕಳಿಬ್ಬರೂ ಜೂನ್ ಬಂದೊಡನೆ ಹಟ ಹಿಡಿಯುತ್ತಾರೆ ಎಂದು ಬರೆದಿದ್ದೀರಿ. ಹಿಡಿಯಲಿ ಬಿಡಿ. ಬೇಸಿಗೆಯಿಡೀ ಕುಣಿದವರನ್ನು ಮೊದಲ ದಿನವೇ ಐದು ತಾಸು ಕೂರಿಸಿದರೆ ಯಾರಿಗಾದರೂ ಸಾಕಾಗುತ್ತದೆ. ಮೊದಲ ವಾರ ಬೆಳಿಗ್ಗೆ ಒಂದೇ ತಾಸು ಸಾಕು. ಯಾವ ವಿಷಯ ಮೊದಲು ಎಂಬುದನ್ನು ಅವರೇ ಆರಿಸಲಿ.

ಕಾರಹುಣ್ಣಿಮೆಯ ಬೆನ್ನಿಗೇ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಆಗ ಮಣ್ಣಿನ ಎತ್ತು ಮಾಡುವಾಗ ಮಣ್ಣು ತೂಗಿಸಿ, ನೀರು ಅಳೆಯಿಸಿ, ಯಾವ ಎತ್ತು ಮೊದಲು ಒಣಗಿತು, ಯಾವುದು ಬಿರುಕುಬಿಟ್ಟಿತು, ಯಾಕೆ ಎಂದು ಬರೆಸಿ. ಗಣಿತ, ವಿಜ್ಞಾನ, ಕನ್ನಡ ಮೂರೂ ಅಲ್ಲೇ ಆಗುತ್ತವೆ.

ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭಾ ನದಿಗೆ ಕಟ್ಟಿದ ಹಿಡಕಲ್ ಜಲಾಶಯದ ಗರಿಷ್ಠ ಮಟ್ಟ 2175 ಅಡಿ. ಪತ್ರಿಕೆಯಲ್ಲಿ ಬರುವ ನೀರಿನ ಮಟ್ಟವನ್ನು ದೊಡ್ಡವನು ದಿನವೂ ಗೋಡೆಯ ನಕ್ಷೆಯಲ್ಲಿ ಗುರುತಿಸಲಿ. ಮಳೆ ಹಿಡಿದ ಮೇಲೆ ಅದೇ ಘಟಪ್ರಭೆ ಗೋಕಾಕದಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುವುದನ್ನು ತೋರಿಸಿ. ಆ ನೀರಿನ ಬಲದಿಂದಲೇ 19ನೇ ಶತಮಾನದ ಕೊನೆಗೆ ಅಲ್ಲಿ ನೂಲಿನ ಗಿರಣಿ ನಡೆಯಿತು. ಹೇಗೆ ಎಂದು ಅವರೇ ಕೇಳುತ್ತಾರೆ. ಬಂಡೆಯ ಅಂಚಿಗೆ ಮಾತ್ರ ಬಿಡಬೇಡಿ.

ಓದಿದರೆ ಕರದಂಟು ಕೊಡುತ್ತೇನೆಂಬ ಆಸೆ ತೋರಿಸಬೇಡಿ. ಕರದಂಟು ಸುಮ್ಮನೆಯೇ ಕೊಡಿ!

ಪರೀಕ್ಷೆಯ ಚಿಂತೆ ಈಗಲೇ ಬೇಡ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ 10ನೇ ತರಗತಿಗೆ 14 ವರ್ಷ ತುಂಬಿದವರು ಹೆಸರು ನೋಂದಾಯಿಸಬಹುದು. ಚಿಕ್ಕವಳು ಒಂದೆರಡು ತಿಂಗಳ ನಂತರವೂ ಅಕ್ಷರ ಕಂಡರೆ ಅಳುತ್ತಿದ್ದರೆ, ಮೊದಲು ಕಣ್ಣು ತೋರಿಸಿ, ಆಮೇಲೆ ಮತ್ತೊಮ್ಮೆ ಬರೆಯಿರಿ.