ಟವರಿಗಿಂತ ಮೊದಲು ಮಾತು: ಹಳ್ಳಿ ಹೆಂಗಸರ ರೇಡಿಯೋದಿಂದ ನಮಗೊಂದು ಪಾಠ

ಬೀದರಿನ ಗಡಿ ದಾಟಿದರೆ ಜಹೀರಾಬಾದ್ ಸೀಮೆ. ಇಂದಿನ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆ. ಮಳೆಯನ್ನೇ ನಂಬಿದ ನೆಲ. ಜೋಳ, ಸಜ್ಜೆ, ನವಣೆ, ತೊಗರಿ ಎಲ್ಲ ಒಂದೇ ಹೊಲದಲ್ಲಿ ಬೆರೆಸಿ ಬಿತ್ತುವ ರೂಢಿ. ಇಲ್ಲಿನ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳು ಒಂದು ರೇಡಿಯೋ ಕೇಂದ್ರ ಕಟ್ಟಿದರು. ಹೆಸರು 'ಸಂಘಂ ರೇಡಿಯೋ'. ಇವರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ಹಾಗೆ ತುಂಡು ಭೂಮಿಯ ರೈತರು. ಓದು ಬರಹ ಬಾರದವರೂ ಅನೇಕರು.

ಯಾಕೆ ಬೇಕಾಯಿತು?

ಇಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಮಹಿಳಾ ಸಂಘಗಳೊಂದಿಗೆ ಕೆಲಸ ಮಾಡುತ್ತ ಬಂದಿತ್ತು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್. ಮೊದಲು ದೂರದರ್ಶನದಲ್ಲಿದ್ದವರು; 2023ರಲ್ಲಿ ತೀರಿಕೊಂಡರು.

ಬೀಜ ಕಾಯುವ ವಿದ್ಯೆ ಈ ಸಂಘದ ಹೆಂಗಸರ ಕೈಯಲ್ಲಿತ್ತು. ಯಾವ ತೆನೆ ಆರಿಸಬೇಕು, ಬೂದಿ-ಬೇವಿನೆಲೆ ಬೆರೆಸಿ ಬುಟ್ಟಿಯಲ್ಲಿ ಹೇಗಿಡಬೇಕು, ಯಾವ ಮಳೆಗೆ ಏನು ಬಿತ್ತಬೇಕು ಎಲ್ಲ ಬಾಯಿಪಾಠ. ಆದರೆ ರೇಡಿಯೋ ಹಾಕಿದರೆ ಕೇಳುತ್ತಿದ್ದುದು ಪೇಟೆಯ ತೆಲುಗು, ಇವರ ಆಡುಮಾತಲ್ಲ. ಅಲ್ಲಿ ತಜ್ಞರು ಹೇಳುವುದು, ರೈತರು ಕೇಳುವುದು. ಹೆಂಗಸರ ಅನುಭವ ಕೇಳುವವರೇ ಇಲ್ಲ. ಬಾಯಲ್ಲಿದ್ದ ವಿದ್ಯೆ ಅಜ್ಜಿಯ ಜೊತೆಗೇ ಹೋದರೆ ಆ ಬೀಜವೂ ಹೋದ ಹಾಗೆ.

ಹತ್ತು ವರ್ಷದ ಕಾಯುವಿಕೆ

ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಟ್ಟಿತು. ಯುನೆಸ್ಕೋ ನೆರವಿನಿಂದ 1998ರಲ್ಲಿ ಮಾಚನೂರಿನಲ್ಲಿ ಸ್ಟುಡಿಯೋ ಎದ್ದಿತು. ಆದರೆ ಪ್ರಸಾರಕ್ಕೆ ಪರವಾನಗಿ ಇಲ್ಲ!

ಹಾಗಂತ ಅವರು ಬಾಗಿಲು ಹಾಕಿ ಕೂರಲಿಲ್ಲ. ನರಸಮ್ಮ ಎಂಬ ಒಂದೇ ಹೆಸರಿನ ಇಬ್ಬರು ಯುವತಿಯರು ಯಂತ್ರ ನಡೆಸುವುದನ್ನು ಕಲಿತರು. ಬೀಜ, ಬೆಳೆ, ಮನೆಮದ್ದು, ಹಬ್ಬ, ಹಾಡು ಎಲ್ಲ ಕ್ಯಾಸೆಟ್ಟಿಗೆ ಬಂತು. ಆ ಕ್ಯಾಸೆಟ್ಟುಗಳನ್ನು ಸಂಘದ ಸಭೆಯಲ್ಲಿ ಹಾಕಿ ಕೇಳಿಸಿದರು. ಕೇಳಿದವರು ತಮ್ಮದನ್ನೂ ಹೇಳಿದರು.

ಸರಕಾರ 2006ರ ನವೆಂಬರಿನಲ್ಲಿ ಸಂಘಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಲು ಅವಕಾಶ ಕೊಟ್ಟಿತು. ಅದಕ್ಕೆ ಮುಂಚೆ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಇತ್ತು. ಸಂಘಂ ರೇಡಿಯೋ 2008ರ ಅಕ್ಟೋಬರ್ 15ರಂದು ಗಾಳಿಗೇರಿತು. ಉದ್ಘಾಟಿಸಿದವರು 1995ರ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಬಿ. ಸಾವಂತ್. ಅಷ್ಟರಲ್ಲಿ ಹತ್ತು ವರ್ಷದ ಧ್ವನಿಮುದ್ರಣ ಕೈಯಲ್ಲಿತ್ತು, ಮಾತಾಡುವವರ ಅಂಜಿಕೆ ಬಿಟ್ಟಿತ್ತು. ಆಮೇಲೆ ಬಂದದ್ದು ಟವರ್ ಅಷ್ಟೆ.

ನಮ್ಮಲ್ಲೂ ಇದೇ ಕಥೆ

ಕೋಲಾರ ಜಿಲ್ಲೆ ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಬೆಳೆದದ್ದೂ ಹೀಗೆ. ಮೈರಾಡಾ ಮತ್ತು ವಾಯ್ಸಸ್ ಸಂಸ್ಥೆಗಳ ಬೆಂಬಲ, ಮಹಿಳಾ ಸಂಘಗಳ ಓಡಾಟ. ಪರವಾನಗಿ ಸಿಗದ ಕಾಲದಲ್ಲಿ ಅವರು ಟಿ.ವಿ. ಕೇಬಲಿನ ಮೂಲಕ ಮನೆಮನೆಗೆ ಧ್ವನಿ ಮುಟ್ಟಿಸಿದರು. ಮೈಸೂರು ಜಿಲ್ಲೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಲ್ಲಿ 'ಜನಧ್ವನಿ' ಆರಂಭಿಸಿತು. ಜೇನುಕುರುಬ, ಕಾಡುಕುರುಬರ ಹಾಡಿಗಳಿರುವ ಕಾಡಂಚಿನ ಸೀಮೆ ಅದು.

ತಿಳಿದಿರಬೇಕಾದ ನಿಯಮ

* ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ ಪರವಾನಗಿ ಇಲ್ಲ. ಸಂಸ್ಥೆ ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಆಗಿರಬೇಕು.

* ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವಾಟ್ ಮಿತಿಯಲ್ಲಿ. ಸುತ್ತಲಿನ ಸುಮಾರು ಹತ್ತು ಕಿಲೋಮೀಟರಿಗೆ ಕೇಳಿಸಬಹುದು. ಗುಡ್ಡ ಅಡ್ಡ ಬಂದರೆ ಕಡಿಮೆ.

* ಅರ್ಧದಷ್ಟಾದರೂ ಕಾರ್ಯಕ್ರಮ ಊರಲ್ಲೇ ತಯಾರಾಗಬೇಕು. ರಾಜಕೀಯ ಕೂಡದು.

* ಜಾಹೀರಾತಿಗೆ 2006ರಲ್ಲಿ ಗಂಟೆಗೆ 5 ನಿಮಿಷ ಇತ್ತು. 2024ರಲ್ಲಿ 12 ನಿಮಿಷಕ್ಕೆ ಏರಿಸಿದರು.

ಕಷ್ಟ ಇರುವುದು ಕೊನೆಯದ್ದರಲ್ಲೇ. ಕರೆಂಟು, ರಿಪೇರಿ, ದುಡಿಯುವವರ ಸಂಬಳ ತಿಂಗಳು ತಿಂಗಳೂ ಬೇಕು. ಹಳ್ಳಿಯಲ್ಲಿ ಜಾಹೀರಾತು ಕೊಡುವವರು ಎಷ್ಟು ಮಂದಿ? ಪೂರ್ತಿ ಹೊರಗಿನ ದುಡ್ಡನ್ನೇ ನೆಚ್ಚಿದರೆ ಅದು ನಿಂತ ದಿನ ಕೇಂದ್ರವೂ ನಿಲ್ಲುತ್ತದೆ. ಸಂಘದ ಬಲ ಇರುವಲ್ಲಿ ಮಾತ್ರ ಕೈಹಾಕುವುದು ಕ್ಷೇಮ.

ನಾವು ಏನು ಮಾಡಬಹುದು?

ಧ್ವನಿ ಹಿಡಿಯಲು ಈಗ ಸ್ಟುಡಿಯೋ ಬೇಕಿಲ್ಲ, ಮೊಬೈಲ್ ಸಾಕು. ಮಹಿಳಾ ಸಂಘ ಅಥವಾ ಹಾಲಿನ ಸೊಸೈಟಿ ಹೀಗೆ ಶುರು ಮಾಡಬಹುದು:

1. ಬಿತ್ತನೆಗೆ ಮುಂಚೆ ಒಬ್ಬ ಹಿರಿಯ ಹೆಂಗಸಿನ ಮಾತು ಮುದ್ರಿಸಿ. ಒಂದು ಸಲಕ್ಕೆ ಒಂದೇ ವಿಷಯ. ಐದಾರು ನಿಮಿಷ ಮೀರದಿರಲಿ.

2. ಕೇಳುವವಳು ಊರಿನವಳೇ ಇರಲಿ. ಗಂಡಸರು ಪಕ್ಕದಲ್ಲಿ ನಿಂತು ತಿದ್ದುವುದು ಬೇಡ. 'ಅವಳಿಗೇನು ಗೊತ್ತು' ಅಂದರೆ ಅಲ್ಲಿಗೆ ಮಾತು ನಿಂತಿತು.

3. ಆಡುಮಾತು ಹಾಗೇ ಇರಲಿ. ಪುಸ್ತಕದ ಕನ್ನಡ ಮಾಡಲು ಹೋಗಬೇಡಿ. ಹಾಡಿಯವರಾದರೆ ಅವರ ನುಡಿಯಲ್ಲೇ ಹೇಳಲಿ.

4. ಗಾಳಿ, ಮಿಕ್ಸಿ, ಪಂಪಿನ ಸದ್ದಿಲ್ಲದ ಜಾಗ ಆರಿಸಿ. ಹೆಸರು, ಊರು, ತಾರೀಕು ಮೊದಲೇ ಹೇಳಿಸಿ.

5. ಹೇಳಿದವರ ಒಪ್ಪಿಗೆ ಕೇಳದೆ ಹಂಚಬೇಡಿ. ಮನೆಮದ್ದಿನ ವಿಷಯದಲ್ಲಿ ಇದು ಇನ್ನೂ ಮುಖ್ಯ.

6. ಮುಂದಿನ ಸಭೆಯಲ್ಲಿ ಎಲ್ಲರಿಗೂ ಕೇಳಿಸಿ. 'ನಮ್ಮಲ್ಲಿ ಬೇರೆ ಥರ' ಎಂದವರದ್ದೂ ಮುದ್ರಿಸಿ.

ಹತ್ತಿರದಲ್ಲಿ ಕೃಷಿ ವಿಶ್ವವಿದ್ಯಾಲಯದ್ದೋ ಬೇರೆ ಸಂಸ್ಥೆಯದ್ದೋ ಸಮುದಾಯ ರೇಡಿಯೋ ಇದ್ದರೆ ಒಯ್ದು ಕೊಡಿ. ಊರಿನ ಕಾರ್ಯಕ್ರಮ ಅವರಿಗೂ ಬೇಕು. ಹೀಗೆ ಎರಡು ಮೂರು ವರ್ಷ ಬಿಡದೆ ನಡೆಸಿದ ಸಂಘ ಸ್ವಂತ ಕೇಂದ್ರದ ಯೋಚನೆ ಮಾಡಬಹುದು. ಈ ಮುಂಗಾರಿಗೆ ಮೊದಲ ಒಂದು ಮಾತು ಹಿಡಿದಿಟ್ಟರೆ ಸಾಕು.